ಹಲ್ಲಣ್ಣ ಕೇಳಬಾರದ್ದನ್ನು ಕೇಳಿದ್ದು

ಹಲ್ಲಣ್ಣನಿಗೆ ಊರಿನ ಅರ್ಧ ಜನ ಗೊತ್ತು, ಅವರ ಮುಖ ಮಾತ್ರ ಗೊತ್ತಿಲ್ಲ. ಬೀದಿಯಲ್ಲಿ ಎದುರಾದರೆ ಗುರುತು ಹಿಡಿಯಲಾರ. ಅದೇ ಅವರ ದವಡೆಯ ಅಚ್ಚನ್ನು ಕೈಗೆ ಕೊಟ್ಟರೆ ಬೆರಳಾಡಿಸಿ, "ಇವರು ಎಡಗಡೆ ಮಾತ್ರ ಅಗಿಯೋರು, ನಿದ್ದೇಲಿ ಹಲ್ಲು ಕಡಿಯೋರು, ಮನೇಲಿ ಇವರ ಮಾತು ಅಷ್ಟೇನೂ ನಡೆಯೋದಿಲ್ಲ" ಎಂದು ಪಾಠ ಒಪ್ಪಿಸಿದಂತೆ ಹೇಳಿಬಿಡುತ್ತಾನೆ. ಕೊನೆಯ ಮಾತು ದವಡೆಯ ಯಾವ ಮೂಲೆಯಲ್ಲಿ ಬರೆದಿರುತ್ತದೆಂದು ನಮಗೆ ಇವತ್ತಿಗೂ ತಿಳಿದಿಲ್ಲ. ಆದರೆ ಅದು ಸುಳ್ಳಾದದ್ದೂ ಇಲ್ಲ.

ಅವನ ಕೆಲಸ ಕಟ್ಟುಹಲ್ಲು ಮಾಡುವುದು. ದಂತವೈದ್ಯರ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಕೈತೊಳೆಯುವ ಸಿಂಕಿಗೂ ಸಾಮಾನಿನ ಕೋಣೆಗೂ ನಡುವೆ ಉಳಿದುಹೋದ ಜಾಗವೇ ಅವನ ಕಾರ್ಯಾಗಾರ. ಮೂರು ಗೋಡೆಗೂ ಹಲಗೆ ಬಡಿದು, ಅವುಗಳ ಮೇಲೆ ಪ್ಲಾಸ್ಟರಿನ ದವಡೆಗಳನ್ನು ಸಾಲಾಗಿ ಇಟ್ಟಿದ್ದಾನೆ. ಹೊಸಬರು ಒಳಗೆ ಕಾಲಿಟ್ಟರೆ ಊರೆಲ್ಲ ತಮ್ಮನ್ನು ನೋಡಿ ನಗುತ್ತಿದೆ ಅನಿಸುತ್ತದೆ. ಡಾಕ್ಟರು ರೋಗಿಯ ಬಾಯಿಂದ ಅಚ್ಚು ತೆಗೆದು ಒಳಗೆ ಕಳಿಸುತ್ತಾರೆ. ಹಲ್ಲಣ್ಣ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದ ದಂಡೆ ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಬಿಸಿನೀರಿನಲ್ಲಿ ಬೇಯಿಸಿ, ಪಾಲಿಶ್ ಮೋಟರಿಗೆ ಹಿಡಿದು ಹೊಳಪು ಕೊಟ್ಟು ಹೊರಗೆ ಕಳಿಸುತ್ತಾನೆ. ಹಲ್ಲಿನ ಸೆಟ್ಟು ಸರಿಯಾಗಿ ಕೂತರೆ ಡಾಕ್ಟರ ಕೈಗುಣ, ವಸಡು ಕೆರೆದರೆ ಹಲ್ಲಣ್ಣನ ಕೈಚಳಕ. ಇದು ಆ ಕ್ಲಿನಿಕ್ಕಿನ ಅಲಿಖಿತ ಕಾನೂನು.

ಮೋಟರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಡಾಕ್ಟರ ತಂದೆಯ ಕಾಲದ್ದು. ಗುಂಡಿ ಒತ್ತಿದರೆ ಮೊದಲು ನರಳುತ್ತದೆ, ಆಮೇಲೆ ಕಿರುಚುತ್ತದೆ, ಮನಸ್ಸಾದರೆ ತಿರುಗುತ್ತದೆ. ಹೊರಗೆ ಸರದಿಯಲ್ಲಿ ಕೂತ ರೋಗಿಗಳಲ್ಲಿ ಇಬ್ಬರಾದರೂ ಆ ಸದ್ದು ಕೇಳಿ, ಒಳಗೆ ಯಾರನ್ನೋ ಏನೋ ಮಾಡುತ್ತಿದ್ದಾರೆಂದು ಎದ್ದು ಮನೆಗೆ ಹೋಗಿದ್ದಾರೆ.

ಹಲ್ಲಣ್ಣನ ದೊಡ್ಡ ದೌರ್ಬಲ್ಯ ಪ್ರಶ್ನೆ ಕೇಳುವುದು. ಕುಡಿತವಿಲ್ಲ, ಜೂಜಿಲ್ಲ, ಕೋಪವೂ ಕಡಿಮೆ. ಆದರೆ "ಯಾಕೆ" ಅನ್ನದೆ ಇರಲಾರ. ಅವನ ಮದುವೆಯಲ್ಲಿ ಪಾಸ್ಟರು ಸಭೆಯೆದುರು ಗಂಭೀರವಾಗಿ, "ಈಕೆಯನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ?" ಎಂದಾಗ ಇವನು, "ಮೊದಲು ಅವಳನ್ನ ಕೇಳೋದು ಒಳ್ಳೇದಲ್ವಾ ಅಯ್ಯನವರೇ? ಅವಳು ಬೇಡ ಅಂದ್ರೆ ನಂದು ದಂಡ ಆಗುತ್ತೆ" ಎಂದಿದ್ದ. ಪಾಸ್ಟರು ಪುಸ್ತಕ ಮುಚ್ಚಿ ಎರಡು ನಿಮಿಷ ಕಣ್ಣು ಮುಚ್ಚಿಕೊಂಡಿದ್ದರು. ಪ್ರಾರ್ಥಿಸಿದರೋ ನಗು ತಡೆದರೋ ದೇವರೇ ಬಲ್ಲ.

ಈ ದೌರ್ಬಲ್ಯ ಬೇರೆಯವರಿಗೆ ಇದ್ದಿದ್ದರೆ ನಷ್ಟವೇನಿರಲಿಲ್ಲ. ಕ್ರೈಸ್ತನಾದ ಹಲ್ಲಣ್ಣನಿಗೆ ಮಾತ್ರ ಅದು ತೊಡಕು. ನಮ್ಮ ಚರ್ಚಿನ ಸಭೆಯವರು ಹೆಚ್ಚಾಗಿ ಬೇರೆ ಧರ್ಮದವರ ನೆರೆಯಲ್ಲಿ ಬದುಕುವವರು. ನೆರೆಯವರು ಪ್ರೀತಿಯಿಂದ ಹಣ್ಣೋ ಸಿಹಿಯೋ ತಂದುಕೊಡುತ್ತಾರೆ. ಅದು ನೇರ ಅಂಗಡಿಯಿಂದ ಬಂದದ್ದೋ, ಅವರ ದೇವರ ಮುಂದಿಟ್ಟು ತಂದದ್ದೋ? ಇದಕ್ಕೆ ಮೊದಲ ಬೋಧಕರಾದ ಅಪೊಸ್ತಲರ ಕಾಲದಿಂದಲೇ ಬಂದ ಒಂದು ಬುದ್ಧಿಮಾತಿದೆ. ಕೊಟ್ಟದ್ದನ್ನು ಕೆದಕದೆ ತಿನ್ನು, ಲೋಕದಲ್ಲಿ ಬೆಳೆದದ್ದೆಲ್ಲ ನಿನ್ನ ದೇವರದೇ. ಆದರೆ ಕೊಟ್ಟವನೇ ಬಾಯಿಬಿಟ್ಟು, "ಇದು ನಮ್ಮ ದೇವರಿಗೆ ಅರ್ಪಿಸಿದ್ದು" ಎಂದರೆ ನಯವಾಗಿ ಬೇಡವೆನ್ನು. ನಿನ್ನ ಹೊಟ್ಟೆಗೆ ಏನೋ ಆಗುತ್ತದೆಂದಲ್ಲ, ಹೇಳಿದವನು ನಿನ್ನ ನಂಬಿಕೆಯನ್ನು ತಪ್ಪಾಗಿ ತಿಳಿಯಬಾರದೆಂದು.

ಹಲ್ಲಣ್ಣನ ಹೆಂಡತಿ ಈ ಮಾತಿನ ಮೊದಲರ್ಧವನ್ನು ಒಂದು ಕಲೆಯಾಗಿ ಬೆಳೆಸಿದ್ದಳು. ಯಾರಾದರೂ ತಟ್ಟೆ ಹಿಡಿದು ಬಾಗಿಲಿಗೆ ಬಂದರೆ ಸಾಕು, ಅವರ ಬಾಯಿ ತೆರೆಯುವ ಮೊದಲೇ ಇವಳದು ತೆರೆದಿರುತ್ತಿತ್ತು. "ಅಯ್ಯೋ ಬನ್ನಿ ಬನ್ನಿ, ಎಷ್ಟು ದಿನ ಆಯ್ತು, ಮಗಳು ಹೇಗಿದಾಳೆ, ಮೊಣಕಾಲು ನೋವು ಹೇಗಿದೆ, ಈ ಹಣ್ಣು ಎಷ್ಟು ಚೆನ್ನಾಗಿದೆ, ತಟ್ಟೆ ತೊಳೆದು ಕೊಡ್ತೀನಿ ಇರಿ." ಅಷ್ಟರಲ್ಲಿ ಹಣ್ಣು ಬುಟ್ಟಿಯಲ್ಲಿ, ತಟ್ಟೆ ಅವರ ಕೈಯಲ್ಲಿ. ಹಿಂದಿನಿಂದ ಹಲ್ಲಣ್ಣ ಬಂದು, "ಎಲ್ಲಿಂದ ತಂದ್ರಿ?" ಅನ್ನುವುದರೊಳಗೆ ಬಾಗಿಲು ಮುಚ್ಚಿರಬೇಕು. ಕೆಲವು ಸಲ ಮುಚ್ಚಿರುತ್ತಿರಲಿಲ್ಲ. ಆಗ ಒಳ್ಳೆಯ ಹಣ್ಣು ಕೈತಪ್ಪುತ್ತಿತ್ತು, ನೆರೆಯವರ ಮುಖ ಸಣ್ಣದಾಗುತ್ತಿತ್ತು.

"ಬಾಯಿ ಇರೋದು ತಿನ್ನೋಕೆ, ವಿಚಾರಣೆ ಮಾಡೋಕಲ್ಲ" ಎಂದು ಅವಳು ಬೈಯುತ್ತಿದ್ದಳು.

"ತಿಳ್ಕೊಳ್ಳೋದ್ರಲ್ಲಿ ತಪ್ಪೇನು?" ಎಂದು ಇವನು ಅದಕ್ಕೂ ಒಂದು ಪ್ರಶ್ನೆ.

ಹೀಗಿರುವಾಗ ಗೋದಾಮಿನ ಯಜಮಾನರು ಕ್ಲಿನಿಕ್ಕಿಗೆ ಬಂದರು.

ಊರಿನ ಕಾಳುಕಡ್ಡಿಯೆಲ್ಲ ಅವರ ನಾಲ್ಕು ಗೋದಾಮುಗಳಲ್ಲಿ ಮಲಗಿ ಎದ್ದು ಅಂಗಡಿಗಳಿಗೆ ಹೋಗುತ್ತಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಎಲ್ಲರಿಗೂ ಒಂದು ಮಾತಾದರೆ ಅವರಿಗೆ ಜೀವನಚರಿತ್ರೆ. ಮೂರನೆಯ ಗೋದಾಮಿನ ತುಂಬ ಕಡಲೆ ಮೂಟೆ, ಬಾಯಲ್ಲಿ ಒಂದೂ ಹಲ್ಲಿಲ್ಲ. ಬೇರೆ ಬೇರೆ ಕಡೆ ಐದು ಸೆಟ್ಟು ಮಾಡಿಸಿದ್ದರು. ಒಂದೂ ನಿಲ್ಲಲಿಲ್ಲ. ಮಾತಾಡಿದರೆ ಮೇಲಿನದು ಕೆಳಗೆ ಬೀಳುತ್ತಿತ್ತು, ಅಗಿದರೆ ಕೆಳಗಿನದು ಜಾರುತ್ತಿತ್ತು. ಐದನೆಯದನ್ನು ಒಂದು ವರ್ತಕರ ಸಭೆಯಲ್ಲಿ ಭಾಷಣದ ನಡುವೆ ಮೊದಲನೆಯ ಸಾಲಿನವರು ಎತ್ತಿಕೊಟ್ಟಿದ್ದರು.

ನಮ್ಮ ಡಾಕ್ಟರು ಅಚ್ಚು ತೆಗೆದರು, ಕಚ್ಚಿನ ಅಳತೆಯನ್ನೂ ತೆಗೆದರು. ಕಚ್ಚಿನ ಅಳತೆಯೆಂದರೆ ಮೆತ್ತನೆಯ ಮೇಣವನ್ನು ಬಾಯೊಳಗಿಟ್ಟು ಎರಡು ದವಡೆಯೂ ಎಲ್ಲಿ ಸೇರುತ್ತವೆಂದು ಗುರುತು ಮಾಡುವುದು. ಹಲ್ಲಣ್ಣ ಆ ಮೇಣವನ್ನು ಬೆಳಕಿಗೆ ಹಿಡಿದು ನೋಡಿದವನೇ ನೇರ ಡಾಕ್ಟರ ಕೋಣೆಗೆ ಹೋದ.

"ಸರ್, ಇವರನ್ನ ನಾನು ಒಂದ್ಸಲ ನೋಡಬಹುದಾ?"

"ಯಾಕಯ್ಯಾ?"

"ಇದು ಅವರ ದವಡೆ ಅಲ್ಲ ಅನಿಸುತ್ತೆ."

ಡಾಕ್ಟರಿಗೆ ಕೋಪ ಬಂತು. ಆದರೂ ಆರನೆಯ ಸೆಟ್ಟೂ ಜಾರಿದರೆ ಜಾರುವುದು ತಮ್ಮ ಹೆಸರು ಎಂದು ಒಪ್ಪಿದರು. ಮಾರನೆಯ ದಿನ ಯಜಮಾನರು ಕುರ್ಚಿಯಲ್ಲಿ ಕೂತರು. ಕೂತ ಕೂಡಲೇ ಗದ್ದ ಮುಂದೆ ಬಂತು. ಮೂವತ್ತು ವರ್ಷ ಆಳುಗಳಿಗೆ ಅಪ್ಪಣೆ ಕೊಟ್ಟ ಗದ್ದ, ಫೋಟೋಗೆ ಕೂತಾಗಲೂ ಹೂಮಾಲೆ ಹಾಕಿಸಿಕೊಂಡಾಗಲೂ ಮುಂದಕ್ಕೆ ಚಾಚಿದ ಗದ್ದ. ಯಾರಾದರೂ ತಮ್ಮನ್ನು ಗಮನಿಸುತ್ತಿದ್ದಾರೆ ಅನಿಸಿದರೆ ಸಾಕು, ತಾನಾಗಿ ಹೊರಗೆ ಬಂದುಬಿಡುತ್ತಿತ್ತು. ಹಿಂದಿನ ಐವರೂ ಅಳತೆ ತೆಗೆದದ್ದು ಯಜಮಾನಿಕೆಯ ದವಡೆಯದು. ಊಟ ಮಾಡುವ ದವಡೆಯನ್ನು ಯಾರೂ ನೋಡಿರಲಿಲ್ಲ.

ಹಲ್ಲಣ್ಣ ಮೇಣವನ್ನು ಬಿಸಿನೀರಿನಲ್ಲಿ ಅದ್ದುತ್ತ ಶುರುಮಾಡಿದ.

"ಯಜಮಾನ್ರೇ, ಹಲ್ಲಿದ್ದಾಗ ಏನು ತಿನ್ನೋಕೆ ಇಷ್ಟ ಇತ್ತು?"

"ನಿನಗ್ಯಾಕೆ? ನಿನ್ನ ಕೆಲಸ ನೋಡು."

"ಅದೇ ನನ್ನ ಕೆಲಸ. ಚಿಕ್ಕವರಿದ್ದಾಗ ಏನು ತಿಂತಿದ್ರಿ?"

ಯಜಮಾನರು ಹೇಳಿದರು: "ಹುರಿಗಡಲೆ. ಅಮ್ಮ ಜೇಬಿಗೆ ತುಂಬಿ ಕಳಿಸೋಳು. ಜೇಬು ತೂತು."

"ಹೊಲಿದು ಕೊಡ್ತಿರ್ಲಿಲ್ವಾ?"

"ಎಲ್ಲಾ ಬಟ್ಟೆ ಹೊಲಿಯೋಳು, ಆ ಜೇಬು ಮಾತ್ರ ಹೊಲೀತಿರ್ಲಿಲ್ಲ."

"ಯಾಕೆ?"

ಯಜಮಾನರು ಕಿಟಕಿಯ ಕಡೆ ನೋಡಿದರು. "ತಮ್ಮ ಹಿಂದೆ ಬರ್ತಿದ್ದ. ಬಿದ್ದದ್ದನ್ನ ಆರಿಸ್ಕೊಂಡು ತಿನ್ನಲಿ ಅಂತ. ಅವನು ಕೇಳಿದ್ರೆ ನಾನು ಕೊಡ್ತಿರ್ಲಿಲ್ಲ, ಅದು ಅವಳಿಗೆ ಗೊತ್ತಿತ್ತು."

ಅವರ ಗದ್ದ ಯಾವಾಗ ಹಿಂದೆ ಸರಿಯಿತೋ ಅವರಿಗೇ ತಿಳಿಯಲಿಲ್ಲ. ಹಲ್ಲಣ್ಣ ಮೇಣ ಒತ್ತಿ, "ಹಾಗೇ ಕಚ್ಚಿ" ಎಂದ.

ಆರನೆಯ ಸೆಟ್ಟು ನಿಂತಿತು. ಯಜಮಾನರು ಕ್ಲಿನಿಕ್ಕಿನಲ್ಲೇ ಮೂರು ಬಿಸ್ಕತ್ತು ತಿಂದರು, ದಾರಿಯಲ್ಲಿ ಒಂದು ಸೇಬು ತಿಂದರು, ಮನೆ ತಲುಪುವುದರೊಳಗೆ ಡ್ರೈವರನ ಬುತ್ತಿಯನ್ನೂ ಖಾಲಿ ಮಾಡಿದರು.

ವಾರ ಕಳೆದ ಮೇಲೆ ಆ ಡ್ರೈವರು ಒಂದು ಭಾರದ ಪೆಟ್ಟಿಗೆ ಹೊತ್ತು ಬೆಳಿಗ್ಗೆ ಹಲ್ಲಣ್ಣನ ಮನೆಗೆ ಬಂದ. ಹೆಂಡತಿ ಎಂದಿನಂತೆ ಮುಂದಾದಳು. "ಬಾಪ್ಪಾ ಬಾ, ಎಷ್ಟು ಭಾರ ಹೊತ್ತಿದೀಯ, ಇಲ್ಲಿಡು, ಯಜಮಾನ್ರು ಚೆನ್ನಾಗಿದಾರಾ, ನಾವು ತುಂಬಾ ಸಂತೋಷಪಟ್ವಿ ಅಂತ ಹೇಳು, ನೀರು ಕುಡಿದು ಹೊರಡು."

ಪೆಟ್ಟಿಗೆಯಲ್ಲಿ ಹೊಚ್ಚ ಹೊಸ ಪಾಲಿಶ್ ಮೋಟರು. ಎರಡು ವೇಗದ್ದು, ಧೂಳು ಎಳೆದುಕೊಳ್ಳುವ ಚೀಲದ್ದು. ಹಲ್ಲಣ್ಣ ಎಷ್ಟೋ ವರ್ಷದಿಂದ ಹಲ್ಲಿನ ಸಾಮಾನಿನ ಪಟ್ಟಿಯಲ್ಲಿ ಅದರ ಚಿತ್ರವಿದ್ದ ಪುಟ ಮಡಿಚಿಟ್ಟುಕೊಂಡಿದ್ದ. ಅದನ್ನು ಸವರಿದ. ಗುಂಡಿ ಒತ್ತಿದ. ಹಸುಗೂಸು ಉಸಿರಾಡಿದಂತೆ ತಿರುಗಿತು. ಅವನ ಕಣ್ಣು ತುಂಬಿತು. ಅಷ್ಟರಲ್ಲಿ ಚಕ್ರದ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಹೂವಿನ ಎಸಳು ಕಂಡಿತು.

ಹೆಂಡತಿಯೂ ಅದನ್ನು ನೋಡಿದಳು. "ರೀ, ಕಾಫಿ ಆರೋಗ್ತಿದೆ, ಒಳಗೆ ಬನ್ನಿ."

"ಬರ್ತೀನಿ. ಇದ್ಯಾಕೆ ಹೂವು?"

"ಹೂವಂತೆ. ಗಾಳೀಲಿ ಬಂದಿರುತ್ತೆ. ಬನ್ನಿ ಅಂದೆ."

ಡ್ರೈವರು ಮರ್ಯಾದಸ್ಥ. ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ತಪ್ಪಾಗುತ್ತದೆಂದು ತಿಳಿದವನು. "ಗಾಳಿ ಅಲ್ಲ ಅಕ್ಕಾ. ಯಜಮಾನ್ರು ಹರಕೆ ಹೊತ್ತಿದ್ರು, ಹಲ್ಲು ಸರಿಯಾದ್ರೆ ಮಾಡಿದವರಿಗೆ ಕಾಣಿಕೆ ಕೊಡ್ತೀನಿ ಅಂತ. ಮೂರು ದಿನ ದೇವರ ಮುಂದಿಟ್ಟು, ಪೂಜೆ ಮಾಡಿಸಿ, ಈಗ ಕಳಿಸಿದಾರೆ. ಇದು ದೇವರೇ ಕೊಟ್ಟದ್ದು ಅಂತ ಹೇಳೋಕೆ ಹೇಳಿದಾರೆ."

ಹೆಂಡತಿ ಗೋಡೆಗೆ ಒರಗಿದಳು. ಮೋಟರು ಇನ್ನೂ ತಿರುಗುತ್ತಿತ್ತು. ಹಲ್ಲಣ್ಣ ಅದನ್ನು ನಿಲ್ಲಿಸಿ, ಎಸಳನ್ನು ಎತ್ತಿ ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದ. "ಅವರಿಗೆ ನನ್ನ ನಮಸ್ಕಾರ ಹೇಳಪ್ಪಾ. ಪ್ರೀತಿ ದೊಡ್ಡದು. ಆದ್ರೆ ಇದನ್ನ ನಾನು ತಗೊಳ್ಳೋಕಾಗಲ್ಲ."

ಡ್ರೈವರು ಹೋದ ಮೇಲೆ ಹೆಂಡತಿ ಹೇಳಿದ್ದು ಇಷ್ಟು: "ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ನನ್ನ ಗಂಡನಿಗೆ ಅದೇ ಉದ್ಯೋಗ."

ಸುದ್ದಿ ಭಾನುವಾರದೊಳಗೆ ಸಭೆಗೆ ಮುಟ್ಟಿತು. ನಮ್ಮ ಸಭೆಯ ಕಾರ್ಯದರ್ಶಿಗಳಿಗೆ ಒಂದು ಸಂಗತಿ ಪ್ರಕಟಣೆಯಾಗದ ಹೊರತು ನಡೆದಂತಲ್ಲ. ಆರಾಧನೆ ಮುಗಿದ ಮೇಲೆ ಎದ್ದು ನಿಂತು, ಐಶ್ವರ್ಯವನ್ನು ಕಾಲಿನಿಂದ ಒದ್ದ ಸಹೋದರರೊಬ್ಬರು ನಮ್ಮ ನಡುವೆ ಇದ್ದಾರೆಂದು ಹತ್ತು ನಿಮಿಷ ಮಾತಾಡಿದರು. ಅದರಲ್ಲಿ ಆರು ನಿಮಿಷ ಇಂಥ ದೃಢತೆಯನ್ನು ಸಭೆಯಲ್ಲಿ ಬೆಳೆಸಲು ತಾವು ಪಟ್ಟ ಶ್ರಮದ ಬಗ್ಗೆ.

"ಒದ್ದಿದ್ರೆ ಕಾಲು ಮುರೀತಿತ್ತು, ಅಷ್ಟು ಭಾರ ಇತ್ತು" ಎಂದು ಹಲ್ಲಣ್ಣನ ಹೆಂಡತಿ ಪಕ್ಕದವರಿಗೆ ಹೇಳಿದಳು.

ಹಲ್ಲಣ್ಣ ತಲೆ ಎತ್ತಲಿಲ್ಲ. ವಿನಯವೆಂದು ಎಲ್ಲರೂ ತಿಳಿದರು. ಅಸಲಿಗೆ ಅವನಿಗೆ ಒಂದು ಪ್ರಶ್ನೆ ಹತ್ತಿಕೊಂಡಿತ್ತು. ಯಜಮಾನರು ಏನೆಂದು ತಿಳಿದುಕೊಂಡಾರು ಎಂದು ತಾನೇ ಈ ನಿಯಮ? ಅವರು ಏನು ತಿಳಿದುಕೊಂಡರೆಂದು ಅವರನ್ನು ಯಾರಾದರೂ ಕೇಳಿದ್ದಾರೆಯೇ?

ಮಂಗಳವಾರ ಡಾಕ್ಟರು ಒಳಗೆ ಬಂದು ಪ್ಲಾಸ್ಟರಿನ ಚೀಲದ ಮೇಲೆ ಕೂತರು. ಅವರು ಅಲ್ಲಿ ಕೂತದ್ದು ಅದೇ ಮೊದಲು.

"ನಿನ್ನ ಹಲ್ಲು ಲೋಟದಲ್ಲಿದೆ ಕಣಯ್ಯಾ."

"ಯಾವ ಹಲ್ಲು ಸರ್?"

"ಯಜಮಾನ್ರದ್ದು. ಹರಕೆ ತೀರೋವರೆಗೂ ಬಾಯಿಗೆ ಹಾಕಲ್ಲ ಅಂತ ತೆಗೆದಿಟ್ಟಿದಾರೆ. ಮತ್ತೆ ಗಂಜಿ, ಮತ್ತೆ ಹಣ್ಣಿನ ರಸ. ಐದೇ ದಿನದಲ್ಲಿ ಇಳಿದುಹೋಗಿದಾರೆ. ಹಾಗೇ ಬಿಟ್ರೆ ವಸಡು ಆಕಾರ ಬದಲಾಗಿ ಸೆಟ್ಟು ಆಮೇಲೆ ಕೂರೋದೂ ಇಲ್ಲ. ನಿನ್ನ ದೇವರು ನಿನಗೆ ಮುದುಕರನ್ನ ಉಪವಾಸ ಕೆಡವು ಅಂತ ಹೇಳಿದಾನೇನು?"

ಹಲ್ಲಣ್ಣ ಅಂದು ಕೆಲಸದಲ್ಲಿ ಎರಡು ತಪ್ಪು ಮಾಡಿದ. ಒಬ್ಬರ ಕೋರೆಹಲ್ಲನ್ನು ತಿರುಗಿಸಿ ಕೂರಿಸಿದ, ಇನ್ನೊಬ್ಬರ ಮೇಣ ಕರಗಿಸಿಬಿಟ್ಟ. ತೆಗೆದುಕೊಂಡರೆ ತನ್ನ ನಂಬಿಕೆಗೆ ಸುಳ್ಳಾಗುತ್ತಾನೆ. ತೆಗೆದುಕೊಳ್ಳದಿದ್ದರೆ ಒಬ್ಬ ಮುದುಕ ತನ್ನ ಮಾತಿಗೆ ಕಟ್ಟುಬಿದ್ದು ಸೊರಗುತ್ತಾನೆ. ಮಧ್ಯಾಹ್ನ ಏಪ್ರನ್ ಕಳಚಿ, ಕೈಗಂಟಿದ ಪ್ಲಾಸ್ಟರನ್ನೂ ಸರಿಯಾಗಿ ತೊಳೆಯದೆ ಯಜಮಾನರ ಮನೆಗೆ ನಡೆದ.

ಬಾಗಿಲು ತೆರೆದದ್ದು ಅಡುಗೆಯ ಅಕ್ಕ. ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಸೌಟು. "ನೀನೇನಾ ಹಲ್ಲಿನವನು? ಒಳಗೆ ಬಾ. ನಿನ್ನ ಕಾಲದಲ್ಲಿ ಒಂದು ವಾರ ನನಗೆ ರುಬ್ಬೋ ಕೆಲಸ ತಪ್ಪಿತ್ತು. ಈಗ ಮತ್ತೆ ಶುರು."

ಯಜಮಾನರು ಹಜಾರದಲ್ಲಿ ಕೂತಿದ್ದರು. ಕೆನ್ನೆ ಒಳಗೆ ಹೋಗಿತ್ತು. ಪಕ್ಕದ ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಹಲ್ಲಣ್ಣನ ಜೀವಮಾನದ ಅತ್ಯುತ್ತಮ ಸೆಟ್ಟು ನೀರಿನಲ್ಲಿ ಮುಳುಗಿ ನಗುತ್ತಿತ್ತು. ಅದರಾಚೆ ನೆಲದ ಮೇಲೆ ಮೋಟರಿನ ಪೆಟ್ಟಿಗೆ.

"ಬಂದ್ಯಾ" ಎಂದರು. ಹಲ್ಲಿಲ್ಲದ ಬಾಯಲ್ಲಿ ಕೋಪ ಕೂಡ ಮೆತ್ತಗೆ ಕೇಳಿಸಿತು. "ನಾನು ಕೊಟ್ಟದ್ದನ್ನ ಇಷ್ಟು ವರ್ಷದಲ್ಲಿ ಯಾರೂ ವಾಪಸ್ ಕಳಿಸಿರ್ಲಿಲ್ಲ."

"ನಿಮ್ಮನ್ನ ಒಂದು ಮಾತು ಕೇಳೋಕೆ ಬಂದೆ ಯಜಮಾನ್ರೇ."

"ನೀನು ಕೇಳದೇ ಇದ್ರೆ ಆಶ್ಚರ್ಯ. ಕೇಳು."

"ನಾನು ಅದನ್ನ ತಗೊಂಡಿದ್ರೆ ನೀವು ಏನಂತ ತಿಳ್ಕೋತಿದ್ರಿ?"

"ಏನು ತಿಳ್ಕೊಳ್ಳೋದು? ನನ್ನ ಮಾತು ಉಳೀತು ಅಂತ."

"ನಾನು ನಿಮ್ಮ ದೇವರನ್ನ ಒಪ್ಪಿದೆ ಅಂತ ಅಂದ್ಕೋತಿರ್ಲಿಲ್ವಾ?"

ಯಜಮಾನರಿಗೆ ನಗು ಬಂತು. "ನನ್ನ ಮಕ್ಕಳೇ ಒಪ್ಪಲ್ಲ ಕಣೋ. ಒಂದು ಮೋಟರಿಗೆ ನೀನು ಒಪ್ತೀಯ ಅಂದ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?" ಆಮೇಲೆ ನಗು ನಿಲ್ಲಿಸಿ, "ಆದ್ರೆ ದೇವರು ಕೊಟ್ಟದ್ದು ಅಂತ ಹೇಳಿ ಕಳಿಸಿದ್ದೆ. ನೀನು ತಗೊಂಡಿದ್ರೆ ದೇವರೇ ಕೊಟ್ಟ ಅಂತ ನೀನೂ ಹೇಳ್ತೀಯ ಅಂದ್ಕೊಂಡಿದ್ದೆ. ಅದು ನಿಜ" ಎಂದರು.

"ನಾನು ಹಾಗೆ ಹೇಳಿದ್ರೆ ನಿಮ್ಮ ಮುಖ ನೋಡಿ ಸುಳ್ಳು ಹೇಳಿದ ಹಾಗೆ."

"ಸರಿ. ನಾನೂ ಒಂದು ಕೇಳ್ಲಾ?" ಯಜಮಾನರು ಮುಂದೆ ಬಾಗಿದರು. "ನೀನು ಮಾಡಿದ ಪ್ರತಿಯೊಂದು ಸೆಟ್ಟನ್ನೂ ಕಳಿಸೋಕೆ ಮುಂಚೆ ಕೈಯಲ್ಲಿ ಹಿಡಿದು ನಿನ್ನ ದೇವರ ಹತ್ರ ಪ್ರಾರ್ಥನೆ ಮಾಡ್ತೀಯಂತೆ. ಡಾಕ್ಟ್ರು ಹೇಳಿದ್ರು. ಹೌದಾ?"

ಹಲ್ಲಣ್ಣ ಕೆಂಪಾದ. ಅದು ಯಾರಿಗೂ ಗೊತ್ತಿಲ್ಲವೆಂದು ತಿಳಿದಿದ್ದ. "ಹೌದು. ತಿನ್ನೋರಿಗೆ ನೋವಾಗದೆ ಇರಲಿ ಅಂತ."

"ಅಂದ್ರೆ ನಿನ್ನ ದೇವರಿಗೆ ಒಪ್ಪಿಸಿದ್ದು ನನ್ನ ಬಾಯೊಳಗೇ ಬಂತು. ನಾನೇನಾದ್ರೂ ಎಸಳು ಹುಡುಕಿದ್ನಾ?"

ಅದಕ್ಕೆ ಹಲ್ಲಣ್ಣ ಇವತ್ತಿಗೂ ಉತ್ತರ ಹುಡುಕುತ್ತಿದ್ದಾನೆ. ಒಮ್ಮೆ ಪಾಸ್ಟರನ್ನು ಕೇಳಿದನಂತೆ. ಅವರು ಮದುವೆಯ ದಿನದಂತೆಯೇ ಕಣ್ಣು ಮುಚ್ಚಿಕೊಂಡರಂತೆ.

ಅಂದು ಅವನು, "ನೀವು ದೊಡ್ಡ ಮನಸ್ಸಿನವರು. ನನಗೆ ಅಷ್ಟು ಆಗ್ತಿಲ್ಲ" ಎಂದ. ಹೊಗಳಿಕೆ ಯಜಮಾನರಿಗೆ ಹೊಸದಲ್ಲ, ಆದರೆ ಇದು ಬೇರೆ ತೂಕದ್ದಾಗಿತ್ತು.

"ಹರಕೆ ಹೊತ್ತಾಗ ಸರಿಯಾಗಿ ಏನಂದ್ರಿ ಯಜಮಾನ್ರೇ? ಅದೇ ಮಾತಿನಲ್ಲಿ ಹೇಳಿ."

"ಏನಂದೆ ಅಂದ್ರೆ... ಈ ಹಲ್ಲು ನಿಂತ್ರೆ, ಮಾಡಿದವನು ಏನು ಕೇಳ್ತಾನೋ ಅದನ್ನ ಕೊಡ್ತೀನಿ."

"ನಾನು ಮೋಟರು ಕೇಳಿದ್ನಾ?"

"ಕೇಳೋದೇನು ಬಂತು, ನಿನ್ನ ಮೋಟರು ಕಿರುಚೋದು ಬೀದಿಗೇ ಗೊತ್ತು."

"ನನ್ನನ್ನ ನೀವು ಕೇಳಲಿಲ್ಲ."

ಇಷ್ಟು ವರ್ಷ ಯಾರಿಗೆ ಏನು ಬೇಕೆಂದು ತೀರ್ಮಾನಿಸಿದವರು ಯಜಮಾನರೇ. ಆಳುಗಳಿಗೆ ಬಟ್ಟೆಯ ಬಣ್ಣ, ಮಕ್ಕಳಿಗೆ ಓದು, ಬೀದಿಗೆ ಅವರ ಹೆಸರು ಕೆತ್ತಿದ ಕಲ್ಲಿನ ಬೆಂಚು. ಕೈ ಧಾರಾಳ, ಕಿವಿ ಮಾತ್ರ ಬಿಗಿ. ದೇವರಿಗೆ ಕೊಟ್ಟ ಮಾತನ್ನೂ ಅವರು ತಮ್ಮ ಅಂದಾಜಿನ ಪ್ರಕಾರ ತಿದ್ದಿಕೊಂಡಿದ್ದರು. "ಹಾಗಾದ್ರೆ ಈಗ ಕೇಳ್ತೀನಿ" ಎಂದರು. "ಏನು ಬೇಕು ನಿನಗೆ?"

ಈ ಮಾತಿಗೆ ಹಲ್ಲಣ್ಣ ಸಿದ್ಧನಾಗಿರಲಿಲ್ಲ. ಪೆಟ್ಟಿಗೆಯನ್ನು ನೋಡಿದ. ಕೇಳಿಬಿಟ್ಟರೆ ಹರಕೆಯ ಪ್ರಕಾರವೂ ಅದು ಅವನದೇ. ಆದರೆ ಹೆಸರು ಬದಲಾದರೂ ಅದು ದೇವರ ಮುಂದಿಟ್ಟ ಕಾಣಿಕೆಯೇ. ಅಷ್ಟರಲ್ಲಿ ಅಡುಗೆಯ ಅಕ್ಕ ಗಂಜಿಯ ಬಟ್ಟಲು ತಂದು, ಬಿಸಿ ಎಷ್ಟಿದೆಯೆಂದು ಚಮಚದ ತುದಿಯಲ್ಲಿ ರುಚಿ ನೋಡಿ ಯಜಮಾನರ ಮುಂದಿಟ್ಟಳು. ಹಲ್ಲಣ್ಣನ ಕಣ್ಣು ಅಭ್ಯಾಸದಂತೆ ಅವಳ ಬಾಯಿಗೆ ಹೋಯಿತು. ತುಟಿ ಒಳಗೆ ಮಡಿಚಿತ್ತು, ಗದ್ದ ಮೂಗಿನ ಹತ್ತಿರ ಬಂದಿತ್ತು.

"ಅಕ್ಕಾ, ನಿಮಗೆ ಹಲ್ಲು ಹೋಗಿ ಎಷ್ಟು ವರ್ಷ ಆಯ್ತು?"

"ಯಾರಿಗೆ, ನನಗಾ? ಯಾರಪ್ಪಾ ಎಣಿಸಿದೋರು. ಹನ್ನೆರಡೋ ಹದಿಮೂರೋ."

"ಏನು ತಿಂತೀರಿ?"

"ಇವರಿಗೆ ರುಬ್ಬಿದ್ರಲ್ಲಿ ಉಳಿದದ್ದು. ಇವರಿಗೆ ಹಲ್ಲು ಬಂದ ವಾರ ನನ್ನ ಪಾಡು ಕಷ್ಟ ಆಗಿತ್ತು. ನನ್ನೊಬ್ಬಳಿಗೆ ಅಂತ ಯಾರು ರುಬ್ತಾರೆ? ಚಹಾದಲ್ಲಿ ಬ್ರೆಡ್ಡು ಅದ್ದಿ ತಿಂದೆ."

ಯಜಮಾನರು ಬಟ್ಟಲು ಕೆಳಗಿಟ್ಟು ಅವಳನ್ನು ನೋಡಿದರು. ಮೂವತ್ತು ವರ್ಷ ಅದೇ ಮನೆಯಲ್ಲಿ ಎರಡು ಹೊತ್ತು ಎದುರಿಗೆ ನಿಂತ ಮುಖವನ್ನು ಅವರು ಆಗ ನೋಡಿದ್ದು.

"ನನಗೆ ಬೇಕಾದ್ದು ಇದು ಯಜಮಾನ್ರೇ" ಎಂದ ಹಲ್ಲಣ್ಣ. "ಇವರಿಗೆ ಒಂದು ಸೆಟ್ಟು. ಡಾಕ್ಟ್ರ ಖರ್ಚು, ಸಾಮಾನಿನ ಖರ್ಚು ನಿಮ್ಮದು. ನನ್ನ ಕೂಲಿ ನನ್ನದು, ಅದನ್ನ ನಾನು ತಗೊಳ್ಳಲ್ಲ. ಇದು ನಾನು ಕೇಳಿದ್ದು, ನೀವು ಕೊಟ್ಟದ್ದು. ಈಗ ಹಾಕ್ಕೊಳ್ಳಿ ಹಲ್ಲು."

"ಮಾಡಿ ಮುಗಿಸು. ಕೊಟ್ಟ ಮೇಲೇ ಹರಕೆ ತೀರೋದು."

"ಮೂರು ವಾರ ಬೇಕು."

"ಎರಡು."

"ನನ್ನನ್ನ ಯಾರೂ ಕೇಳೋ ಹಾಗೇ ಕಾಣಲ್ಲ" ಎಂದಳು ಅಡುಗೆಯ ಅಕ್ಕ. "ನನಗೆ ಬೇಡ ಅಂದ್ರೆ?"

ಹಲ್ಲಣ್ಣ ಬದುಕಿನಲ್ಲಿ ಒಂದು ಪ್ರಶ್ನೆ ಮರೆತದ್ದು ಅದೊಂದೇ ಸಲ. ಅವಳು ಇಬ್ಬರು ಗಂಡಸರನ್ನೂ ಸಾಕಷ್ಟು ಹೊತ್ತು ಕಾಯಿಸಿ, "ಮಾಡು ಹೋಗು, ನೋಡೋಣ. ಬಹಳ ಬೆಳ್ಳಗೆ ಬೇಡ" ಎಂದು ಒಳಗೆ ಹೋದಳು.

ಆ ಎರಡು ವಾರ ಹಲ್ಲಣ್ಣನ ಕಾರ್ಯಾಗಾರದಲ್ಲಿ ಒಂದು ಸ್ಟೂಲು ಹೆಚ್ಚಾಯಿತು. ಯಜಮಾನರು ದಿನಾ ಬಂದು ಕೂರುತ್ತಿದ್ದರು. ಮೊದಲೆರಡು ದಿನ ಅಪ್ಪಣೆ ಕೊಟ್ಟರು, "ಬೇಗ ಆಗಲಿ" ಎಂದು. ಅಲ್ಲಿ ಅವರ ಮಾತಿಗೆ ಬೇಯುವ ನೀರೂ ಬಗ್ಗಲಿಲ್ಲ, ಒಣಗುವ ಪ್ಲಾಸ್ಟರೂ ಬಗ್ಗಲಿಲ್ಲ. ಮೂರನೆಯ ದಿನದಿಂದ ಅವರಿಗೂ ಹಲ್ಲಣ್ಣನ ರೋಗ ಅಂಟಿತು. ಇದ್ಯಾಕೆ ಗುಲಾಬಿ ಬಣ್ಣ, ಆ ದವಡೆ ಯಾರದ್ದು, ಅವರು ಯಾಕೆ ಸೊಟ್ಟಗೆ ಕಚ್ಚುತ್ತಾರೆ. ಹಲ್ಲಿಲ್ಲದ ಬಾಯಲ್ಲಿ ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಕೇಳಬೇಕಾಗುತ್ತಿತ್ತು. ಹಳೆಯ ಮೋಟರು ಕಿರುಚಿದಾಗಲೆಲ್ಲ ಹಲ್ಲಣ್ಣನ ಕಡೆ ಓರೆಗಣ್ಣಿನಿಂದ ನೋಡುತ್ತಿದ್ದರು. ಅವನು ನೋಡದವನಂತೆ ಉಜ್ಜುತ್ತಿದ್ದ.

ಕಾರ್ಯದರ್ಶಿಗಳು ಈ ಸುದ್ದಿ ತಿಳಿದು ಧಾವಿಸಿ ಬಂದರು. "ಬ್ರದರ್, ಇದು ಸೂಕ್ಷ್ಮ ವಿಚಾರ. ಹರಕೆಯ ಹಣದ ಹಲ್ಲು ಹರಕೆಯ ಹಲ್ಲಾಗೋದಿಲ್ವೇ? ನಾನು ಭಾನುವಾರ ಒಂದು ಮಾತು ಹೇಳಿಬಿಟ್ಟಿದ್ದೀನಿ."

"ಹಲ್ಲು ನನ್ನ ಬಾಯಿಗಲ್ಲ ಅಣ್ಣಾ, ಅಡುಗೆಯ ಅಕ್ಕನ ಬಾಯಿಗೆ. ಅಲ್ಲಿಗೇ ಹೋಗಿ ವಿಚಾರಿಸಿ. ಕೈಯಲ್ಲಿ ಸೌಟಿರುತ್ತೆ, ಸ್ವಲ್ಪ ದೂರ ನಿಂತು ಕೇಳಿ."

ಕಾರ್ಯದರ್ಶಿಗಳು ಹೋಗಲಿಲ್ಲ. ವಿಷಯವನ್ನು ಒಂದು ಉಪಸಮಿತಿಗೆ ಒಪ್ಪಿಸಿದರು. ಅದು ಇನ್ನೂ ಸೇರಿಲ್ಲ.

ಸೆಟ್ಟು ಸಿದ್ಧವಾದ ದಿನ ಹಲ್ಲಣ್ಣ ಅದನ್ನು ಅಂಗೈಯಲ್ಲಿ ಹಿಡಿದು, ಪಕ್ಕದಲ್ಲಿ ಯಜಮಾನರು ಇದ್ದಾರೆಂದು ಒಂದು ಕ್ಷಣ ಸಂಕೋಚಪಟ್ಟು, ಆಮೇಲೆ ಎಂದಿನಂತೆ ಕಣ್ಣು ಮುಚ್ಚಿ ತುಟಿಯಾಡಿಸಿದ. ಮುಗಿದ ಮೇಲೆ ಯಜಮಾನರು ಮೆಲ್ಲಗೆ, "ನಾನೂ ಒಂದು ಗಳಿಗೆ ನಮ್ಮ ದೇವರ ಮುಂದೆ ಇಡಬಹುದಾ? ನೀನು ಬೇಡ ಅಂದ್ರೆ ಇಡಲ್ಲ" ಎಂದರು.

"ಅದು ಅಕ್ಕನದು ಯಜಮಾನ್ರೇ. ಅವರನ್ನೇ ಕೇಳಿ."

ಇಬ್ಬರೂ ಯಜಮಾನರ ಮನೆಗೆ ಹೋಗಿ ಅಕ್ಕನನ್ನು ಕೇಳಿದರು. "ನೀವಿಬ್ಬರೂ ಏನಾದ್ರೂ ಮಾಡ್ಕೊಳ್ಳಿ, ತೊಳೆದು ಕೊಡಿ" ಎಂದಳು.

ತೊಳೆದು ಕೊಟ್ಟರು. ಯಜಮಾನರು ತಮ್ಮ ಕೈಯಿಂದಲೇ ಕೊಟ್ಟರು. ಅವಳು ಗೋಡೆಯ ಕಡೆ ತಿರುಗಿ ಹಾಕಿಕೊಂಡು, ಎರಡು ಸಲ ಕಚ್ಚಿ ನೋಡಿ ಇತ್ತ ತಿರುಗಿದಳು. ಹತ್ತು ವರ್ಷ ಚಿಕ್ಕವಳಾಗಿದ್ದಳು, ಸಿಟ್ಟು ಮಾತ್ರ ಅಷ್ಟೇ ಇತ್ತು. ಯಜಮಾನರು ಲೋಟದಿಂದ ತಮ್ಮದನ್ನು ತೆಗೆದು ಹಾಕಿಕೊಂಡರು. ಹಲ್ಲಣ್ಣ ಉಸಿರು ಬಿಗಿಹಿಡಿದು ನೋಡಿದ. ಮೇಲಿನದು ಕೂತಿತು. ಕೆಳಗಿನದೂ ಕೂತಿತು.

"ನೋವಾಗ್ತಿದೆಯಾ?" ಎಂದು ಯಜಮಾನರು ಅವಳನ್ನು ಕೇಳಿದರು.

"ಇಲ್ಲ."

"ಮೊದಲು ಏನು ತಿನ್ನಬೇಕು ಅನಿಸ್ತಿದೆ? ಹೇಳು, ತರಿಸ್ತೀನಿ."

ಅವಳು ಬಾಯಿ ತೆರೆದಳು. ಮೂವತ್ತು ವರ್ಷ ಆ ಮನೆಯಲ್ಲಿ ಎಲ್ಲರ ಇಷ್ಟಾನಿಷ್ಟ ಬೆರಳ ತುದಿಯಲ್ಲಿ ಇಟ್ಟುಕೊಂಡವಳಿಗೆ ತನ್ನದು ನೆನಪಾಗಲಿಲ್ಲ. ಯಜಮಾನರು ಎಂದಿನಂತೆ ತಾವೇ ಒಂದು ಹೆಸರು ಹೇಳಲು ಹೊರಟರು. ಗದ್ದ ಮುಂದೆ ಬರುತ್ತಿತ್ತು. ಅಷ್ಟರಲ್ಲಿ ತಡೆದುಕೊಂಡರು.

"ಯೋಚ್ನೆ ಮಾಡಿ ಹೇಳ್ತೀನಿ" ಎಂದಳು ಅಕ್ಕ, ಕುರ್ಚಿ ಎಳೆದುಕೊಂಡು ಕೂತು. "ಅವಸರ ಮಾಡಬೇಡಿ."